ಮಕ್ಕಳಲ್ಲಿ ಕೆರಟೋಕೋನಸ್ ವ್ಯಾಧಿ ಮತ್ತು ಅದರ ಚಿಕಿತ್ಸೆ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ತೋರುವ ಪೊರೆಗೆ ಪಾರದರ್ಶಕ ಪಟಲವೆಂದು ಹೆಸರು. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಕೆಲವರಲ್ಲಿ ಈ ಪಟಲವು ಬಲಗುಂದಿ, ತೆಳುವಾಗುತ್ತ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಇದೇ ಕೆರಟೋಕೋನಸ್. ಆಂಗ್ಲ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದನು. ಬಾಲ್ಯದಲ್ಲಿ ತಲೆದೋರಿದ ವ್ಯಾಧಿಯು ವಯಸ್ಕರಲ್ಲಿಗಿಂತ ಶೀಘ್ರವಾಗಿ ಬೆಳೆಯುವುದರಿಂದ, ಮಕ್ಕಳ ಚಿಕಿತ್ಸೆಯಲ್ಲಿ ಕಾಲವೇ ಪ್ರಧಾನವೆಂಬುದನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಪಟಲದ ಬಲವು ಕೊಲಾಜೆನ್ ಎಂಬ ಎಳೆಗಳಲ್ಲಿದೆ. ನೇಕಾರರು ನೆಲೆಸಿರುವ ಬೆಳಗಾವಿಯ ಖಾಸಬಾಗದಲ್ಲಿ ಮಗ್ಗವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಹಾಸಿನ ಎಳೆಗಳು ಎಷ್ಟೇ ಇರಲಿ, ಹೊಕ್ಕು ಅವನ್ನು ಬಂಧಿಸದಿದ್ದರೆ ಬಟ್ಟೆಯಾಗದು. ಹೋಲಿಕೆಯು ಸ್ಥೂಲವಾದುದು, ಪಟಲದಲ್ಲಿನ ಬಂಧ ರಾಸಾಯನಿಕವಾದುದು. ಈ ಬಂಧಗಳನ್ನು ಹೆಚ್ಚಿಸುವುದೇ ಇಂದಿನ ಚಿಕಿತ್ಸೆಯ ತತ್ತ್ವ.

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ರೂಪುಗೊಂಡ ಈ ವಿಧಾನದ ಫಲಿತಾಂಶಗಳನ್ನು ವೋಲೆನ್ಸಾಕ್, ಸ್ಪೋರ್ಲ್ ಮತ್ತು ಝೈಲರ್ 2003ರಲ್ಲಿ ಪ್ರಕಟಿಸಿದರು. ಮೂಲ ಕ್ರಮದಲ್ಲಿ ಪಟಲದ ಮೇಲ್ಪೊರೆಯನ್ನು ತೆಗೆದು, ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ತ್ವದ ಹನಿಗಳನ್ನು ಹಾಕುತ್ತಾರೆ. ಬಳಿಕ 370 ನ್ಯಾನೋಮೀಟರ್ ತರಂಗದೂರದ ನೇರಳಾತೀತ ಕಿರಣವನ್ನು 30 ನಿಮಿಷ ಹಾಯಿಸುತ್ತಾರೆ. ಬೆಳಕು, ಜೀವಸತ್ತ್ವ, ಆಮ್ಲಜನಕ ಈ ಮೂರರ ಕೂಟದಿಂದ ಹೊಸ ಬಂಧಗಳುಂಟಾಗಿ ಪಟಲವು ಬಿಗಿಯಾಗುತ್ತದೆ.

ಆದರೆ ಈ ಚಿಕಿತ್ಸೆಯು ಮುಖ್ಯವಾಗಿ ವ್ಯಾಧಿಯನ್ನು ತಡೆಯುವುದೇ ಹೊರತು ಕಳೆದ ದೃಷ್ಟಿಯನ್ನು ಪೂರ್ಣವಾಗಿ ಮರಳಿಸದು. ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ ಮುಂದೆಯೂ ಬೇಕಾಗಬಹುದು. ಮೂಲ ಕ್ರಮಕ್ಕೆ ಪಟಲವು ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು. ಇಲ್ಲವಾದರೆ ಒಳಮೈಯ ಜೀವಕೋಶಗಳಿಗೆ ಕಿರಣದಿಂದ ಹಾನಿಯಾದೀತು. ತಡಮಾಡಿ ಪಟಲವು ತೀರ ತೆಳುವಾಗಿ ಕಲೆಗಟ್ಟಿದರೆ ಉಳಿಯುವ ಮಾರ್ಗ ಬಹುಶಃ ಪಟಲದ ಕಸಿ. ಮಕ್ಕಳ ದೇಹವು ಕಸಿಯನ್ನು ನಿರಾಕರಿಸುವ ಸಂಭವವೂ ಹೆಚ್ಚು. ಆದಕಾರಣ, ವಯಸ್ಕರಲ್ಲಿ ವ್ಯಾಧಿಯ ಬೆಳವಣಿಗೆಯನ್ನು ಕೆಲವು ಕಾಲ ಗಮನಿಸುವ ವೈದ್ಯರು ಮಕ್ಕಳ ವಿಷಯದಲ್ಲಿ ಹಾಗೆ ಕಾಯಲೊಪ್ಪುವುದು ವಿರಳ. ಚಿಕಿತ್ಸೆಯ ಅನಂತರವೂ ವ್ಯಾಧಿಯು ಮರುಕಳಿಸಬಹುದಾದ್ದರಿಂದ ವರ್ಷಗಳವರೆಗೆ ತಪಾಸಣೆ ಅಗತ್ಯ.

ಕಣ್ಣುಜ್ಜುವ ಅಭ್ಯಾಸವು ವ್ಯಾಧಿಯನ್ನು ಉಲ್ಬಣಗೊಳಿಸುತ್ತದೆ. ಅದಕ್ಕೆ ಕಾರಣವಾದ ತುರಿಕೆಯನ್ನು ಮೊದಲು ಶಮನಗೊಳಿಸಬೇಕು. ಖಾಸಬಾಗದ ಶಾಲೆಯಲ್ಲಾಗಲಿ ಖಾನಾಪುರದ ಹಳ್ಳಿಯಲ್ಲಾಗಲಿ, ಸದಾ ಕಣ್ಣುಜ್ಜುವ, ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುವ ಮಗುವಿಗೆ ಮತ್ತೊಂದು ಕನ್ನಡಕ ಕೊಡಿಸಿ ಸುಮ್ಮನಾಗದೆ, ಪಟಲದ ಆಕಾರವನ್ನು ಅಳೆಯಿಸಬೇಕೆಂದು ನಾವು ಹೇಳಬಯಸುತ್ತೇವೆ. ಈ ಲಕ್ಷಣವನ್ನು ಮೊದಲು ಕಾಣುವವರು ಅನೇಕ ವೇಳೆ ಅಧ್ಯಾಪಕರೇ.