ಕಡತಪಥ ಮತ್ತು ಸ್ಥಳನಾಮ: ದೊಡ್ಡಆಲಹಳ್ಳಿಯ ನಿದರ್ಶನ

ಕ್ಷೇತ್ರಕಾರ್ಯದ ಸಾಮಗ್ರಿಯನ್ನು ಗಣಕಕ್ಕೆ ಅಳವಡಿಸುವ ಸಂಶೋಧಕರು ಅದನ್ನು ಸಾಮಾನ್ಯವಾಗಿ ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಅನುಕ್ರಮದ ಕೋಶಗಳಲ್ಲಿ ಇರಿಸುತ್ತಾರೆ. ಚಿತ್ರಗಳ ಮೇಲೆ ಮೌಸ್ ಒತ್ತುವ ರೂಢಿಯಲ್ಲಿ ಈ ಅನುಕ್ರಮ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆದೇಶಸಾಲಿನಲ್ಲಿ, ಎಂದರೆ ಆಜ್ಞೆಯನ್ನು ಅಕ್ಷರಗಳಲ್ಲೇ ಬರೆದು ಗಣಕವನ್ನು ನಡೆಸುವ ಕ್ರಮದಲ್ಲಿ, ಅದು ಪೂರ್ಣವಾಗಿ ಪ್ರಕಟವಾಗುತ್ತದೆ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭಗೊಂಡ ಯುನಿಕ್ಸ್‌ನಲ್ಲಿಯೂ ಅದರ ಮಾದರಿಯ ಲಿನಕ್ಸ್‌ನಲ್ಲಿಯೂ ಕಡತವ್ಯವಸ್ಥೆಯು ಬೇರು ಮೇಲಾದ ಮರ. ಆ ಬೇರಿನ ಗುರುತು ಒಂದು ಓರೆಗೆರೆ. 'ಪಿಡಬ್ಲ್ಯೂಡಿ' ಎಂಬ ಆದೇಶ (ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ) ಬಳಕೆದಾರ ನಿಂತಿರುವ ಕೋಶವನ್ನು ತಿಳಿಸುತ್ತದೆ. 'ಎಲ್‌ಎಸ್' ಅಲ್ಲಿರುವುದನ್ನು ಪಟ್ಟಿಮಾಡುತ್ತದೆ. 'ಸಿಡಿ' ಬೇರೊಂದು ಕೋಶಕ್ಕೆ ಒಯ್ಯುತ್ತದೆ. ಎರಡು ಚುಕ್ಕಿಗಳೆಂದರೆ ಒಂದು ಹಂತ ಮೇಲಿನ ಕೋಶ.

ಸಿಡಿಗೆ ಕೊಡುವ ವಿಳಾಸ ಎರಡು ಬಗೆಯದು. "/ರಾಮನಗರ/ಕನಕಪುರ/ದೊಡ್ಡಆಲಹಳ್ಳಿ" ಎಂಬುದು ಬೇರಿನಿಂದ ಹೊರಟ ನಿರಪೇಕ್ಷ ಪಥ. ದೊಡ್ಡಆಲಹಳ್ಳಿಯ ಕೋಶದಲ್ಲಿ ನಿಂತು "../../ಮಾಗಡಿ" ಎಂದರೆ, ಎರಡು ಹಂತ ಮೇಲೇರಿ ಮಾಗಡಿಗೆ ಇಳಿಯುವ ಸಾಪೇಕ್ಷ ಪಥ. ಈ ಭೇದದ ಮಹತ್ತ್ವವನ್ನು ಇದೇ ಪ್ರದೇಶದ ಆಡಳಿತ ಚರಿತ್ರೆ ತೋರಿಸಿಕೊಡುತ್ತದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳು ಬೆಂಗಳೂರು ಜಿಲ್ಲೆಯ ಕಾನಕಾನಹಳ್ಳಿ ತಾಲ್ಲೂಕಿನ ಕ್ರಮಸಂಖ್ಯೆಗಳಲ್ಲಿವೆ. ಕಾನಕಾನಹಳ್ಳಿ ಮುಂದೆ ಕನಕಪುರವಾಯಿತು. ತಾಲ್ಲೂಕು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣಗೊಂಡಿತು. 'ಎಂವಿ' ಆದೇಶದಿಂದ ಜಿಲ್ಲಾಕೋಶದ ಹೆಸರನ್ನು ಬದಲಿಸಿದರೆ ಒಳಗಿನ ಒಂದು ಕಡತವೂ ನಷ್ಟವಾಗದು. ಆದರೆ ಹಳೆಯ ನಿರಪೇಕ್ಷ ಪಥವನ್ನು ನಮೂದಿಸಿದ ಅಡಿಟಿಪ್ಪಣಿಗಳೆಲ್ಲವೂ ಆ ಕ್ಷಣದಿಂದ ನಿಷ್ಪ್ರಯೋಜಕ. ಅಂಥ ಕೋಶವೇ ಇಲ್ಲವೆಂದು ಗಣಕ ಹೇಳುತ್ತದೆ. ಮಾಗಡಿ, ಕನಕಪುರಗಳು ಈ ಎಲ್ಲ ಪಲ್ಲಟಗಳಲ್ಲಿ ಒಂದೇ ಜಿಲ್ಲೆಯೊಳಗೆ ಉಳಿದುದರಿಂದ ಸಾಪೇಕ್ಷ ಪಥ ಮಾತ್ರ ಕೆಡುವುದಿಲ್ಲ. ಕಾನಕಾನಹಳ್ಳಿ ಕನಕಪುರವಾದುದೂ ಅದನ್ನು ತಟ್ಟದು.

ಇನ್ನೊಂದು ತೊಡಕು ಬರವಣಿಗೆಯದು. ದೊಡ್ಡಆಲಹಳ್ಳಿ ಮತ್ತು ಲೋಪಸಂಧಿಯಾದ ದೊಡ್ಡಾಲಹಳ್ಳಿ ಕನ್ನಡಿಗರಿಗೆ ಒಂದೇ ಊರು, ಗಣಕಕ್ಕೆ ಎರಡು. ಅಷ್ಟೇ ಅಲ್ಲ, ಯುನಿಕೋಡ್‌ನಲ್ಲಿ 'ದೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ 'ಎ', 'ಊ' ಚಿಹ್ನೆಗಳ ಜೋಡಣೆಯಾಗಿಯೂ ದಾಖಲಿಸಬಹುದು. ತೆರೆಯ ಮೇಲೆ ರೂಪ ಒಂದೇ ಆದರೂ ಲಿನಕ್ಸ್ ಸಾಮಾನ್ಯವಾಗಿ ಅವನ್ನು ಭಿನ್ನ ಕೋಶಗಳೆಂದೇ ಎಣಿಸುತ್ತದೆ. ಹೆಸರಿನ ಮೊದಲ ಅಕ್ಷರಗಳನ್ನು ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದುದನ್ನು ಗಣಕವೇ ತುಂಬುತ್ತದೆ. ಎಲ್‌ಎಸ್ ಪಟ್ಟಿಯಲ್ಲಿ ಕಾಣುವ ಹೆಸರು ಹಾಗೆ ಪೂರ್ಣಗೊಳ್ಳದಿದ್ದಲ್ಲಿ ಈ ಸಂಕೇತಭೇದವನ್ನು ಶಂಕಿಸಬೇಕು.