ಪರದೆ ಕಟ್ಟಿದ ಸರೋವರ

ಕೆರೆಯ ನೀರು ಹಸಿರುಗಟ್ಟಿ ನಾರತೊಡಗಿದಾಗ ಕಣ್ಣಿಗೆ ಕಾಣುವ ಪಾಚಿಯನ್ನು ಬಾಚಿ ತೆಗೆಯುವುದು ಸುಲಭವೆನಿಸಿದರೂ, ಅದು ಏನನ್ನುಂಡು ಅಷ್ಟು ಸೊಕ್ಕಿ ಬೆಳೆಯಿತೆಂಬುದು ತಿಳಿಯದ ಹೊರತು ಮತ್ತೆ ಮತ್ತೆ ಹಬ್ಬುತ್ತಲೇ ಇರುತ್ತದೆ. ಜೀವಿಗಳಿಗೂ ಅವು ಬಾಳುವ ನೀರು, ಮಣ್ಣು, ಗಾಳಿಗಳಿಗೂ ನಡುವಿನ ಕೊಡುಕೊಳ್ಳುವಿಕೆಯನ್ನು ಅರಿಯುವ ಶಾಸ್ತ್ರವಾದ ಜೀವಿಪರಿಸರ ವಿಜ್ಞಾನವು ಈ ಪ್ರಶ್ನೆಗೆ ಖಚಿತ ಉತ್ತರ ಕಂಡುಕೊಂಡದ್ದು ಕೆನಡಾದ ಕಾಡಿನ ನಡುವಿನ ಸಣ್ಣ ಸರೋವರಗಳಲ್ಲಿ.

1960ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳ ಗಡಿಯಲ್ಲಿರುವ ಈರಿ ಸರೋವರ ಪಾಚಿಯಿಂದ ಎಷ್ಟು ಕೆಟ್ಟಿತ್ತೆಂದರೆ, ಅದು ಸತ್ತೇಹೋಯಿತೆಂದು ಜನ ಮಾತನಾಡಿಕೊಳ್ಳುತ್ತಿದ್ದರು. ಚರಂಡಿ ನೀರಿನೊಡನೆ ಬರುವ ಬಟ್ಟೆ ಒಗೆಯುವ ಪುಡಿಯಲ್ಲಿನ ರಂಜಕವೇ, ಅಂದರೆ ಮೂಳೆಯಲ್ಲೂ ಗೊಬ್ಬರದಲ್ಲೂ ಇರುವ ಫಾಸ್ಫರಸ್ಸೇ, ಇದಕ್ಕೆ ಮೂಲವೆಂದು ಕೆಲವು ವಿಜ್ಞಾನಿಗಳು ಹೇಳಿದರೆ, ಆ ಪುಡಿಯನ್ನು ತಯಾರಿಸುವ ಉದ್ಯಮದ ಪರವಾದವರು ಇಂಗಾಲವನ್ನು ದೂರಿದರು. ಸೀಸೆಯಲ್ಲಿ ನೀರು ತುಂಬಿ ಮಾಡಿದ ಕೆಲವು ಪರೀಕ್ಷೆಗಳೂ ಇಂಗಾಲದತ್ತಲೇ ವಾಲಿದವು. ಆದರೆ ಬಯಲಿಗೆ ಮೈಯೊಡ್ಡಿ ಮಲಗಿದ ಸರೋವರಕ್ಕೆ ಗಾಳಿಯೊಡನೆ ಇರುವ ಒಡನಾಟ ಸೀಸೆಯ ನೀರಿಗೆ ಎಲ್ಲಿಂದ ಬರಬೇಕು?

ಇಡೀ ಸರೋವರವನ್ನೇ ಪ್ರಯೋಗಶಾಲೆಯಾಗಿಸುವ ದಿಟ್ಟ ಕಲ್ಪನೆ ಹುಟ್ಟಿದ್ದು ಇಲ್ಲಿಯೇ. 1968ರಲ್ಲಿ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದ ಹಲವಾರು ಸರೋವರಗಳನ್ನು ಸಂಶೋಧನೆಗಾಗಿ ಮೀಸಲಿಡಲಾಯಿತು. 227ನೆಯ ಸಂಖ್ಯೆಯ ಸರೋವರಕ್ಕೆ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಇಂಗಾಲವನ್ನು ಬಿಟ್ಟು ಸಾರಜನಕ, ರಂಜಕಗಳನ್ನಷ್ಟೇ ಸೇರಿಸಿದಾಗಲೂ ಪಾಚಿ ದಟ್ಟವಾಗಿ ಬೆಳೆಯಿತು, ಏಕೆಂದರೆ ಬೇಕಾದ ಇಂಗಾಲವನ್ನು ನೀರು ಗಾಳಿಯಿಂದಲೇ ಹೀರಿಕೊಂಡಿತ್ತು. 1973ರಲ್ಲಿ ಅವರು ನಡು ಸಣ್ಣಗಿರುವ 226ನೆಯ ಸರೋವರಕ್ಕೆ ಆ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ, ಎರಡೂ ಪಾಲಿಗೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದು ಪಾಲಿಗೆ ಮಾತ್ರ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಪಾಲು ಹಸಿರುಗಟ್ಟಿತು, ಇನ್ನೊಂದು ಪಾಲು ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಛಾಯಾಚಿತ್ರ ಎಷ್ಟೋ ಪುಟಗಳ ವರದಿ ಮಾಡಲಾರದ ಕೆಲಸವನ್ನು ಮಾಡಿ, ಬಟ್ಟೆಪುಡಿಯಲ್ಲಿನ ರಂಜಕವನ್ನು ಕಾನೂನಿನಿಂದ ನಿಯಂತ್ರಿಸುವ ಪ್ರಯತ್ನಕ್ಕೆ ಬಲ ತಂದಿತು.

ಈ ಅರಿವಿನ ನಿಜವಾದ ಬೆಲೆ ಇರುವುದು ಅದು ಸಮಸ್ಯೆಯ ಯಾವ ಎಳೆಯನ್ನು ಕತ್ತರಿಸಬೇಕೆಂದು ತೋರಿಸಿಕೊಟ್ಟದ್ದರಲ್ಲಿ. ಹಾಗೆಂದು ಎಳೆ ಒಮ್ಮೆ ಕತ್ತರಿಸಿದ ಮಾತ್ರಕ್ಕೆ ತುಂಡಾಗಿಯೇ ಉಳಿಯುವುದಿಲ್ಲ: ಹೊಲಗಳಿಂದ ಕೊಚ್ಚಿಬಂದ ಗೊಬ್ಬರದ ರಂಜಕವನ್ನುಂಡು ಈರಿಯಲ್ಲಿ ಬೆಳೆದ ವಿಷಪಾಚಿಯಿಂದಾಗಿ 2014ರ ಆಗಸ್ಟ್‌ನಲ್ಲಿ ಅದರ ದಡದಲ್ಲಿರುವ ಅಮೆರಿಕದ ಟೊಲೆಡೊ ನಗರದ ಜನ ಕೆಲವು ದಿನ ನಲ್ಲಿ ನೀರನ್ನು ಕುಡಿಯುವಂತಿರಲಿಲ್ಲ.

ನೊರೆಯಿಂದ ಕುಖ್ಯಾತವಾದ ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಈ ಪಾಠ ಸಲ್ಲುತ್ತದೆ. ಸರಿಯಾಗಿ ಶುದ್ಧಗೊಳ್ಳದ ಒಳಚರಂಡಿ ನೀರು ರಂಜಕವನ್ನು ಹೊತ್ತು ತರುವುದಲ್ಲದೆ, ತಳದ ಹೂಳಿನಲ್ಲಿ ವರ್ಷಗಳಿಂದ ಕೂಡಿಕೊಂಡ ರಂಜಕ ಆಮ್ಲಜನಕ ಕಡಿಮೆಯಾದಾಗ ಮರಳಿ ನೀರಿಗೆ ಬಿಡುಗಡೆಯಾಗುವುದರಿಂದ, ಒಳಹರಿವನ್ನು ತಡೆದ ಮೇಲೂ ಕೆರೆ ಚೇತರಿಸಿಕೊಳ್ಳಲು ಕಾಲ ಹಿಡಿಯುತ್ತದೆ. ಬೇಸಿಗೆಯಲ್ಲಿ ಹೂಳೆತ್ತಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದ ನಾಡಿನ ರೈತರು ರಂಜಕದ ಹೆಸರನ್ನು ಕೇಳದಿದ್ದರೂ ಅದನ್ನು ಕೆರೆಯಿಂದ ಹೊರಹಾಕಿ ಪೈರಿಗೆ ಉಣಿಸುತ್ತಿದ್ದರು. ಕಾರ್ಖಾನೆಗಳ ಕೊಳೆಯಿಂದ ಭಾರಲೋಹಗಳು ಸೇರಿರುವ ನಗರದ ಕೆರೆಗಳ ಹೂಳನ್ನಾದರೋ ಪರೀಕ್ಷಿಸದೆ ಹೊಲಕ್ಕೆ ಸುರಿಯುವಂತಿಲ್ಲ.