ಮಕ್ಕಳಿಗೆ ಕವಿತೆ ಕಲಿಸುವುದು ಹೇಗೆ? ಮೊದಲು ಕಿವಿ, ಆಮೇಲೆ ಅರ್ಥ

ಪದ್ಯಪಾಠ ಹೆಚ್ಚಿನ ಕಡೆ ನಡೆಯುವ ರೀತಿ ನಿಮಗೆ ಗೊತ್ತೇ ಇದೆ. ಪದ್ಯ ಓದಿ, ಕಠಿಣ ಪದಗಳ ಅರ್ಥ ಬೋರ್ಡಿಗೆ ಬರೆದು, ಸಾರಾಂಶ ಹೇಳಿದರೆ ಪಾಠ ಮುಗಿಯಿತು. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅಂಕವೂ ಬರುತ್ತದೆ. ಆದರೆ ಪರೀಕ್ಷೆ ಕಳೆದ ಮೇಲೆ ಆ ಪದ್ಯವನ್ನು ತಾವಾಗಿ ಮತ್ತೆ ಓದುವ ಮಕ್ಕಳು ಕಡಿಮೆ.

ಇನ್ನೊಂದು ಕ್ರಮವಿದೆ. ಅದಕ್ಕೆ ವಾರಕ್ಕೆ ಒಂದು ಪೀರಿಯಡ್ ಸಾಕು. ಶಾಲೆಯಲ್ಲಿ ಟೀಚರ್ ಮಾಡಬಹುದು, ರಜೆಯಲ್ಲಿ ಮನೆಯವರೂ ಮಾಡಬಹುದು. ಮೊದಲು ಕೇಳುವುದು, ಆಮೇಲೆ ಹೇಳುವುದು, ಮಾತ್ರೆ ಎಣಿಸುವುದು, ಸವಿಯುವುದು, ಕೊನೆಗೆ ಬರೆಯುವುದು. ಇಷ್ಟೇ.

ನಮ್ಮ ಮಕ್ಕಳಿಗೆ ಇದು ಒಗ್ಗುತ್ತದೆಯೇ?

ಮೂಡುಬಿದಿರೆ ಹತ್ತಿರದ ನಮ್ಮ ಪುತ್ತಿಗೆಯ ಸುತ್ತಮುತ್ತ ಬಹಳ ಮನೆಗಳ ಮಾತು ತುಳು. ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳೂ ಇವೆ. ಕನ್ನಡ ಇಲ್ಲಿ ಶಾಲೆಯ ಭಾಷೆ. ಹಾಗಿರುವಾಗ ಕನ್ನಡ ಪದ್ಯ ಹೇಗೆ ಹಿಡಿಸೀತು ಎಂದು ನೀವು ಕೇಳಬಹುದು.

ಉತ್ತರ ಮೂಡುಬಿದಿರೆಯಲ್ಲೇ ಇದೆ. 16ನೇ ಶತಮಾನದಲ್ಲಿ ಇಲ್ಲಿದ್ದ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಬರೆದ. ಸಾಂಗತ್ಯ ಎಂದರೆ ಹಾಡಿಕೊಂಡು ಹೋಗುವ ನಾಲ್ಕು ಸಾಲಿನ ಮಟ್ಟು. ಕನ್ನಡಿಗರು, ತೆಲುಗರು, ತುಳುವರು ಅವರವರ ಮಾತಿನಲ್ಲೇ ಭೇಷ್ ಎನ್ನುತ್ತ ತನ್ನ ಕಾವ್ಯವನ್ನು ಕೇಳಬೇಕು ಎಂಬುದು ಅವನ ಆಸೆ. ಆ ಜಾಗದಲ್ಲಿ ಕನ್ನಡ ಪದ್ಯದೊಳಗೆ ತುಳು ಮಾತನ್ನೇ ಇಟ್ಟಿದ್ದಾನೆ. ಮನೆಮಾತು ಬೇರೆಯಾದರೆ ಕಾವ್ಯಕ್ಕೆ ಅಡ್ಡಿಯಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೇಲಾಗಿ ಯಕ್ಷಗಾನ, ಭಜನೆ, ಪಾಡ್ದನ ಕೇಳಿ ಬೆಳೆದ ಮಕ್ಕಳ ಕಿವಿ ಆಗಲೇ ಹದವಾಗಿರುತ್ತದೆ. ಭಾಗವತರು ಹಾಡುವ ಭಾಮಿನಿಯೇ ಪುಸ್ತಕದಲ್ಲಿ ‘ಭಾಮಿನಿ ಷಟ್ಪದಿ’ಯಾಗಿ ಬರುತ್ತದೆ. ಎರಡೂ ಒಂದೇ ಎಂದು ನಾವು ಹೇಳಿಕೊಡಬೇಕು, ಅಷ್ಟೆ.

ಮೊದಲ ಹೆಜ್ಜೆ: ಕೇಳುವುದು, ಹೇಳುವುದು

ಪುಸ್ತಕ ಮುಚ್ಚಿಸಿ. ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಅರ್ಥ ಹೇಳಬೇಡಿ. ಮೂರನೇ ಸಲ ಮಕ್ಕಳು ಕೈತಟ್ಟುತ್ತ ಹೇಳಲಿ. ‘ನನಗೆ ರಾಗ ಬರುವುದಿಲ್ಲ’ ಎನ್ನುವವರು ಹೆದರಬೇಕಾಗಿಲ್ಲ. ರಾಗವಿಲ್ಲದೆಯೂ ಲಯ ಕೇಳಿಸುತ್ತದೆ. ಸಾಲು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿದರಾಯಿತು.

ಸಣ್ಣ ತರಗತಿಗಳಿಗೆ ಪಂಜೆ ಮಂಗೇಶರಾಯರ ಶಿಶುಗೀತೆಗಳಿಂದ ಶುರುಮಾಡಿ. ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳನ್ನು ಹತ್ತಿರದಿಂದ ಕಂಡವರು. ‘ನಾಗರ ಹಾವೆ’ಯಂಥ ಪದ್ಯವನ್ನು ಅರ್ಥ ಬಿಡಿಸಿ ಹೇಳದಿದ್ದರೂ ಮಕ್ಕಳು ಕುಣಿದು ಹೇಳುತ್ತಾರೆ.

ಎರಡನೇ ಹೆಜ್ಜೆ: ಮಾತ್ರೆ ಎಣಿಸುವುದು

ಮಾತ್ರೆ ಎಂದರೆ ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತು. ಹ್ರಸ್ವಾಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, ತಲಾ 2 ಮಾತ್ರೆ. ನಿಯಮ ಇನ್ನೂ ಇವೆ, ಆರಂಭಕ್ಕೆ ಇಷ್ಟು ಸಾಕು.

ಊರಿನ ಹೆಸರುಗಳಿಂದ ಆಟ ಶುರುವಾಗಲಿ. ಪುತ್ತಿಗೆ 4 ಮಾತ್ರೆ. ಬಂಟ್ವಾಳ 5. ಮೂಡುಬಿದಿರೆ 6. ಬೆಳ್ತಂಗಡಿಯೂ 6. ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರು ಎಣಿಸಲಿ.

ಮುಂದೆ ಭಾಮಿನಿ. ಇದಕ್ಕೆ 6 ಸಾಲು. 1, 2, 4, 5ನೇ ಸಾಲಿಗೆ 3-4-3-4 ಎಂದು 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3-4-3-4-3-4, ಕೊನೆಗೆ ಒಂದು ಗುರು, ಒಟ್ಟು 23. ಕುಮಾರವ್ಯಾಸನ ಭಾರತವಿಡೀ ಇದೇ ಅಳತೆಯಲ್ಲಿದೆ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಎರಡು ಸಾಲು ಇಲ್ಲಿವೆ:

ಗಾಳಿ ಬೀಸಿತು ಅಡಕೆ ಬಿದ್ದಿತು
ಆಳು ಬಾರನು ತೋಟ ಕಾದಿದೆ

ಎಣಿಸಿ ನೋಡಿ, 3-4-3-4 ಸರಿಹೋಗುತ್ತದೆ. ಎರಡೂ ಸಾಲಿನ ಎರಡನೇ ಅಕ್ಷರದಲ್ಲಿ ‘ಳ’ಕಾರ ಇದೆ. ಇದು ಆದಿಪ್ರಾಸ. 23 ಮಾತ್ರೆಯ ಮೂರನೇ ಸಾಲನ್ನು ಮಕ್ಕಳೇ ಕೂಡಿಸಲಿ.

ಮೂರನೇ ಹೆಜ್ಜೆ: ಸವಿಯುವುದು

‘ಕವಿಯ ಆಶಯವೇನು?’ ಎಂದು ಕೂಡಲೇ ಕೇಳಬೇಡಿ. ಬದಲಿಗೆ ಮೂರು ಪ್ರಶ್ನೆ ಕೇಳಿ. ಯಾವ ಸಾಲು ಕಿವಿಯಲ್ಲಿ ಉಳಿಯಿತು? ಕಣ್ಣಿಗೆ ಏನು ಕಟ್ಟಿತು? ಒಂದು ಪದ ತೆಗೆದು ಅದೇ ಅರ್ಥದ ಇನ್ನೊಂದನ್ನು ಇಟ್ಟರೆ ಏನು ಕೆಡುತ್ತದೆ?

ಮೂರನೆಯದು ಮುಖ್ಯ. ಮೇಲಿನ ಸಾಲಿನಲ್ಲಿ ‘ಬಾರನು’ ಬದಲು ‘ಬರುವುದಿಲ್ಲ’ ಎಂದು ಹಾಕಿ. ಅರ್ಥ ಅದೇ. ಆದರೆ 4 ಮಾತ್ರೆಯ ಜಾಗಕ್ಕೆ 6 ಬಂದು ಸಾಲು ಎಡವುತ್ತದೆ. ಪದ್ಯವೆಂದರೆ ಸಾರಾಂಶವಲ್ಲ ಎಂಬುದು ಮಕ್ಕಳಿಗೆ ಆಗ ತಾನಾಗಿ ಹೊಳೆಯುತ್ತದೆ. ಕಠಿಣ ಪದಗಳ ಅರ್ಥ, ಸಾರಾಂಶಗಳನ್ನು ಇದಾದ ಮೇಲೆ ಹೇಳಿ.

ನಾಲ್ಕನೇ ಹೆಜ್ಜೆ: ಬರೆಯುವುದು

‘ಪ್ರಕೃತಿ’, ‘ತಾಯಿ’ ಎಂಬ ದೊಡ್ಡ ವಿಷಯ ಬೇಡ. ಅಂಗಳದಲ್ಲಿ ಒಣಹಾಕಿದ ಅಡಕೆ, ಬೀಡಿ ಕಟ್ಟುವ ಅಜ್ಜಿಯ ಕೈ, ಮಳೆಗಾಲದ ಶಾಲಾ ಬಸ್ಸು ಇಂಥವು ಸಾಕು. ಮೊದಲು ಕಂಡದ್ದು, ಕೇಳಿದ್ದು ಗದ್ಯದಲ್ಲಿ ಬರೆಯಲಿ. ‘ಸುಂದರ’, ‘ಅದ್ಭುತ’ ಎಂಬ ಪದಗಳನ್ನು ಹೊಡೆದುಹಾಕಲಿ. ಉಸಿರು ನಿಲ್ಲುವ ಕಡೆ ಸಾಲು ಮುರಿಯಲಿ. ಗಟ್ಟಿಯಾಗಿ ಓದಿ ತಿದ್ದಲಿ. ಕನ್ನಡ ಪದ ಹೊಳೆಯದಿದ್ದರೆ ತುಳು ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ, ತಡೆಯಬೇಡಿ.

ಪ್ರಾಸ ಬೇಕೇಬೇಕೇ? ಬೇಡ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸ ಬಿಟ್ಟು ಬರೆದರು. ಅವರು ಪ್ರಾಸ ಬಲ್ಲವರಾಗಿದ್ದು ಬಿಟ್ಟರು ಎಂಬುದೂ ನೆನಪಿರಲಿ.

ಹಾಗಾದರೆ ಪೋರ್ಷನ್ ಹಿಂದೆ ಬೀಳುವುದಿಲ್ಲವೇ? ಪಠ್ಯದ ಪದ್ಯವನ್ನೇ ಹೀಗೆ ಮಾಡಿದರೆ ಬೀಳುವುದಿಲ್ಲ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆ ಕನ್ನಡದಲ್ಲಿ ಕಂಠಪಾಠ, ಪ್ರಸ್ತಾರ, ಅಲಂಕಾರ ಎಲ್ಲ ಕೇಳುತ್ತಾರೆ. ಮಾತ್ರೆ ಎಣಿಸುವ ಆಟವೇ ಪ್ರಸ್ತಾರ ಹಾಕುವ ಅಭ್ಯಾಸವೂ ಹೌದು.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ?

ಒಬ್ಬರಿಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಬರೆದದ್ದನ್ನು ಹಚ್ಚಲು ಗೋಡೆಪತ್ರಿಕೆಗೆ ಡ್ರಾಯಿಂಗ್ ಶೀಟ್. ಬೇರೆ ಖರ್ಚಿಲ್ಲ.

ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಆಗಿ, ಅಂದರೆ ಮೊಬೈಲಿನಲ್ಲೇ ತೆರೆದು ಓದುವ ಪುಸ್ತಕವಾಗಿ, ಉಚಿತವಾಗಿ ಸಿಗುತ್ತವೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ‘ಓದುವ ಬೆಳಕು’ ಕಾರ್ಯಕ್ರಮದಡಿ ಉಚಿತ ಸದಸ್ಯತ್ವ ಇದೆ. ಛಂದಸ್ಸನ್ನು ಆಳವಾಗಿ ಓದಬೇಕೆನ್ನುವ ಶಿಕ್ಷಕರಿಗೆ ಟಿ.ವಿ. ವೆಂಕಟಾಚಲ ಶಾಸ್ತ್ರಿಯವರ ‘ಕನ್ನಡ ಛಂದಃಸ್ವರೂಪ’ ಇದೆ.

ಹೇಳಿಕೊಡುವವರೂ ದೂರವಿಲ್ಲ. ಪುತ್ತಿಗೆಯಲ್ಲಿ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯಿದೆ, ಮೂಡುಬಿದಿರೆಯಲ್ಲಿ ಕಾಲೇಜುಗಳಿವೆ. ಕನ್ನಡ ಅಧ್ಯಾಪಕರೊಬ್ಬರನ್ನು ಒಂದು ಶನಿವಾರಕ್ಕೆ ಕರೆಯಿರಿ. ಇನ್ನೊಂದು ಶನಿವಾರ ಹತ್ತಿರದ ಭಾಗವತರನ್ನೋ ಗಮಕಿಗಳನ್ನೋ ಕರೆಯಿರಿ. ಗಮಕ ಎಂದರೆ ಕಾವ್ಯವನ್ನು ಅರ್ಥ ಕೇಳುವಂತೆ ರಾಗವಾಗಿ ಓದುವ ಕಲೆ. ಪಠ್ಯದ ಷಟ್ಪದಿಯನ್ನೇ ಹಾಡಲು ಕೇಳಿಕೊಳ್ಳಿ. ಪ್ರತಿಭಾ ಕಾರಂಜಿಯ ಕಂಠಪಾಠ, ಕವನ ವಾಚನಗಳಿಗೂ ಇದೇ ತಯಾರಿ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮುಗಿಸಲು ಹೋಗಬೇಡಿ. ಮೊದಲ ತಿಂಗಳು ಬರೀ ಕೇಳುವುದು, ಹೇಳುವುದು. ಮಾತ್ರೆ ಎರಡನೇ ತಿಂಗಳಿಗೆ, ಬರವಣಿಗೆ ಅದರ ನಂತರ. ಈ ಸರದಿ ತಪ್ಪಿಸಿ ಮೊದಲ ದಿನವೇ ‘ಒಂದು ಕವಿತೆ ಬರೆಯಿರಿ’ ಎಂದರೆ ಮಕ್ಕಳು ಪುಸ್ತಕದ ಪದ್ಯವನ್ನೇ ಸ್ವಲ್ಪ ತಿರುಗಿಸಿ ಕೊಡುತ್ತಾರೆ.